ಹಳೆಯ ಡೀಸೆಲ್ ಜೀಪಿನ ಇಂಧನ ಮಿತವ್ಯಯ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆ

ಯಾಂತ್ರಿಕ ಇಂಧನ ಪಂಪು ಇರುವ, ನಾಲ್ಕೂ ಚಕ್ರಗಳಿಗೆ ಎಳೆತ ಕೊಡಬಲ್ಲ ಹಳೆಯ ವಾಹನ ಒಂದು ಲೀಟರ್ ಡೀಸೆಲಿಗೆ ಓಡುವ ದೂರವನ್ನು ಹೆಚ್ಚಿಸುವ ಕ್ರಮಗಳಿಗೆ ಇಂಧನ ಮಿತವ್ಯಯ ಎನ್ನುತ್ತಾರೆ. ಆಡುಮಾತಿನಲ್ಲಿ ಇದು ‘ಮೈಲೇಜ್’. ಕರ್ನಾಟಕದಲ್ಲಿ ಈ ಮಾತು ಹೆಚ್ಚಾಗಿ ಮಹೀಂದ್ರ ಜೀಪುಗಳಿಗೆ, ಎಂದರೆ ಎಂಎಂ 540, ಕಮಾಂಡರ್, ಮಾರ್ಷಲ್ ಮತ್ತು ಅವುಗಳ ಹಿಂದಿನ ಮಾದರಿಗಳಿಗೆ ಅನ್ವಯಿಸುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಈ ವಿಷಯದ ಅಧ್ಯಯನಕ್ಕೆ ಹೇಳಿ ಮಾಡಿಸಿದಂಥ ನೆಲ. ಅಲ್ಲಿ ತಳುಕು, ರಾಂಪುರಗಳ ಮೇಲೆ ಬಳ್ಳಾರಿಯತ್ತ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿ ಇದೆ. ಅದರಿಂದ ಇಳಿದರೆ ಶೇಂಗಾ ಹೊಲದ ಕೆಂಪು ಮಣ್ಣು, ಅಮೃತಮಹಲ್ ಕಾವಲಿನ ಕುರುಚಲು, ವೇದಾವತಿಯ ಒಣ ಮರಳು, ಬ್ರಹ್ಮಗಿರಿ ಮತ್ತು ನುಂಕೆಮಲೆಯ ಕಡೆಗಿನ ಕಲ್ಲುದಾರಿಗಳು ಸಿಗುತ್ತವೆ. ಬೆಳಗ್ಗೆ ಡಾಂಬರಿನಲ್ಲಿ ಹೊರಟ ಜೀಪು ಮಧ್ಯಾಹ್ನಕ್ಕೆ ಹೊಲದ ಬದುವಿನ ಪಕ್ಕ ನಿಂತಿರುವುದು ಇಲ್ಲಿ ಸಾಮಾನ್ಯ. ಹಳೆಯ ಜೀಪಿಗೆ ಮೈಲೇಜ್ ಹೊರಗಿನಿಂದ ತಂದು ಸೇರಿಸುವ ವಸ್ತುವಲ್ಲ, ಸೋರಿಹೋಗುತ್ತಿರುವುದನ್ನು ನಿಲ್ಲಿಸಿದಾಗ ಉಳಿಯುವ ಗಳಿಕೆ. ಸೋರಿಕೆ ಎಲ್ಲಿದೆ ಎಂಬುದನ್ನು ಎಂಜಿನ್ನಿಗಿಂತ ಮೊದಲು ದಾರಿ ಹೇಳುತ್ತದೆ ಎಂಬುದು ಈ ಲೇಖನದ ವಾದ.

ಎಲ್ಲಕ್ಕೂ ಮುಂಚೆ ಅಳತೆ ಸರಿಯಾಗಬೇಕು. ಟ್ಯಾಂಕಿನ ಕಂಠದವರೆಗೆ ತುಂಬಿಸಿ, 300–400 ಕಿ.ಮೀ. ಓಡಿಸಿ, ಅದೇ ಬಂಕಿನಲ್ಲಿ, ಅದೇ ಸಮತಟ್ಟು ಜಾಗದಲ್ಲಿ ಮತ್ತೆ ಕಂಠದವರೆಗೆ ತುಂಬಿಸಿದಾಗ ಹಿಡಿದ ಡೀಸೆಲೇ ಆ ದೂರಕ್ಕೆ ಆದ ಖರ್ಚು. ಇದರಲ್ಲೂ ಎರಡು ಮೋಸಗಳು ಅಡಗಿವೆ. 15 ಡಿಗ್ರಿ ತಾಪ ಏರಿದರೆ ಡೀಸೆಲಿನ ಗಾತ್ರ ಶೇ. 1ಕ್ಕಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಮುಂಜಾನೆ ಒಮ್ಮೆ, ಉರಿಬಿಸಿಲಲ್ಲಿ ಒಮ್ಮೆ ತುಂಬಿಸಿದರೆ ಲೆಕ್ಕ ಸ್ವಲ್ಪ ಹೊಯ್ದಾಡಬಹುದು. ಇನ್ನೊಂದು ಮೋಸ ಟೈರಿನದು. 28.5 ಇಂಚು ವ್ಯಾಸದ ಟೈರಿನ ಜಾಗಕ್ಕೆ 31 ಇಂಚಿನದನ್ನು ಹಾಕಿದ ಜೀಪಿನ ಮೀಟರು 100 ಕಿ.ಮೀ. ತೋರಿಸುವಾಗ ವಾಹನ ನಿಜವಾಗಿ ಸುಮಾರು 109 ಕಿ.ಮೀ. ಸಾಗಿರುತ್ತದೆ. ದೊಡ್ಡ ಟೈರಿನಿಂದ ಮೈಲೇಜ್ ಬಿತ್ತು ಎಂಬ ದೂರಿನಲ್ಲಿ ಒಂದು ಪಾಲು ಮೀಟರಿನ ತಪ್ಪೇ. ಈ ಕಾರಣಗಳಿಂದ ಒಂದೇ ಟ್ಯಾಂಕಿನ ಲೆಕ್ಕದಲ್ಲಿ ಕಂಡ ಶೇ. 3–4ರ ಏರಿಳಿತವನ್ನು ನಂಬಲಾಗದು. ಮೂರ್ನಾಲ್ಕು ಟ್ಯಾಂಕುಗಳ ಸರಾಸರಿ ಬೇಕು.

ಡೀಸೆಲಿನ ಶಕ್ತಿ ಎಲ್ಲಿ ಖರ್ಚಾಗುತ್ತದೆ ಎಂಬುದನ್ನು ಒಂದು ಸ್ಥೂಲ ಲೆಕ್ಕ ತೋರಿಸುತ್ತದೆ. ಜನ, ಸಾಮಾನು ಸೇರಿ 1600 ಕಿ.ಗ್ರಾಂ. ತೂಗುವ ಜೀಪನ್ನು ಡಾಂಬರಿನ ಮೇಲೆ ಉರುಳಿಸಲು ಸುಮಾರು 235 ನ್ಯೂಟನ್ ಬಲ ಬೇಕು. ಸಡಿಲ ಮಣ್ಣಿನ ದಾರಿಯಲ್ಲಿ ಇದು ಮೂರು ಪಟ್ಟಿಗೂ ಮೀರಿ 785ಕ್ಕೆ ಏರುತ್ತದೆ, ಮರಳಿನಲ್ಲಿ ಇನ್ನೂ ಹಲವು ಪಟ್ಟು. ಗಾಳಿಯ ತಡೆಯ ಲೆಕ್ಕವೇ ಬೇರೆ. ಅದು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಪೆಟ್ಟಿಗೆಯಂಥ ಮೈಯ ಜೀಪಿಗೆ ಗಂಟೆಗೆ 25 ಕಿ.ಮೀ.ನಲ್ಲಿ ಅದು 35 ನ್ಯೂಟನ್ ಇದ್ದರೆ, 60ರಲ್ಲಿ 200, 80ರಲ್ಲಿ 360ರ ಆಸುಪಾಸು. ಹೆದ್ದಾರಿಯಲ್ಲಿ 60ರಿಂದ 80ಕ್ಕೆ ಏರಿದ ಜೀಪಿನ ಒಟ್ಟು ತಡೆ 435ರಿಂದ 595ಕ್ಕೆ, ಎಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರುತ್ತದೆ. ಕಾವಲಿನ ಮಣ್ಣುದಾರಿಯಲ್ಲಾದರೋ ಗಾಳಿಗೆ ಲೆಕ್ಕವೇ ಇಲ್ಲ, ಎಲ್ಲ ಹೊರೆಯೂ ಚಕ್ರದ್ದು. ಹೀಗಾಗಿ ಒಂದೇ ಜೀಪಿಗೆ ಎರಡು ಔಷಧಿ ಬೇಕು: ಡಾಂಬರಿಗೆ ವೇಗದ ಹತೋಟಿ, ಮಣ್ಣಿಗೆ ಚಕ್ರ ಮತ್ತು ತೂಕದ ಹತೋಟಿ. ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಗಂಟೆಗೆ 45–55 ಕಿ.ಮೀ. ವೇಗವನ್ನು ಮಿತವ್ಯಯದ್ದೆಂದು ಬಹುಕಾಲದಿಂದ ಸಾರುತ್ತ ಬಂದಿರುವುದಕ್ಕೂ ಕಾರಣ ಇದೇ. ಗುಡ್ಡ ಹತ್ತಲೆಂದು ಗಿಡ್ಡ ಗೇರು ಹಲ್ಲಿನ ಲೆಕ್ಕ ಇಟ್ಟುಕೊಂಡ ಹಳೆಯ ಜೀಪಿಗೆ ಈ ಮಾತು ಕಾರಿಗಿಂತ ಹೆಚ್ಚು ಸಲ್ಲುತ್ತದೆ. ಕಾರು ಹಾಯಾಗಿ ಓಡುವ ವೇಗದಲ್ಲಿ ಜೀಪಿನ ಎಂಜಿನ್ನು ಅರಚುತ್ತಿರುತ್ತದೆ.

ನಿಧಾನವಾಗಿ ಓಡಿಸಿದರೆ ಹೊತ್ತು ಹಾಳು ಎಂಬ ಆಕ್ಷೇಪವನ್ನೂ ಲೆಕ್ಕಕ್ಕೇ ಒಪ್ಪಿಸಬಹುದು. 40 ಕಿ.ಮೀ. ದೂರವನ್ನು 80ರಲ್ಲಿ ಓಡಿದರೆ ಅರ್ಧ ಗಂಟೆ, 60ರಲ್ಲಿ 40 ನಿಮಿಷ. ಆಸ್ಪತ್ರೆಗೆ ಓಡುವವರಿಗೆ ಆ ಹತ್ತು ನಿಮಿಷ ದೊಡ್ಡದು, ನಿಜ. ಆದರೆ ಸಂತೆಯಲ್ಲೋ ಎಣ್ಣೆ ಮಿಲ್ಲಿನ ಮುಂದೋ ಎಂಜಿನ್ ಆರಿಸದೆ ಅರ್ಧ ಗಂಟೆ ಮಾತಿಗೆ ನಿಲ್ಲುವವರು ಹೊತ್ತು, ಡೀಸೆಲು ಎರಡನ್ನೂ ಕಳೆಯುತ್ತಾರೆ. ಎರಡು ಲೀಟರ್ ಗಾತ್ರದ ಡೀಸೆಲ್ ಎಂಜಿನ್ ಸುಮ್ಮನೆ ಗುರುಗುಟ್ಟುತ್ತ ನಿಂತರೂ ಗಂಟೆಗೆ ಅರ್ಧ ಲೀಟರಿನಷ್ಟು ಕುಡಿಯುತ್ತದೆ. ‘ಸೆಲ್ಫ್’ ಹೊಡೆಯದು ಎಂಬ ಭಯದಿಂದ ಎಂಜಿನ್ ಆರಿಸದವರ ಜೀಪಿನಲ್ಲಿ ಮೈಲೇಜಿನ ಮೊದಲ ರಿಪೇರಿ ಬ್ಯಾಟರಿಯದೇ ಆಗಬೇಕು.

ಚಕ್ರದ ವಿಷಯದಲ್ಲಿ ಈ ಸೀಮೆಗೆ ತನ್ನದೇ ಒಬ್ಬ ಶತ್ರು ಇದ್ದಾನೆ: ಬಳ್ಳಾರಿ ಜಾಲಿ. ಅದರ ಮುಳ್ಳು ಟ್ಯೂಬಿನಲ್ಲಿ ಮಾಡುವ ಸಣ್ಣ ತೂತಿನಿಂದ ಗಾಳಿ ದಿನಗಟ್ಟಲೆ ಮೆಲ್ಲಗೆ ಇಳಿಯುತ್ತದೆ. ಗಟ್ಟಿ ಪದರದ ಟೈರು ನೋಟಕ್ಕೆ ತುಂಬಿದಂತೆಯೇ ಕಾಣುತ್ತದೆ. ಕಣ್ಣಳತೆ ಸಾಲದು, ವಾರಕ್ಕೊಮ್ಮೆ ಟೈರು ತಣ್ಣಗಿರುವಾಗ ಗೇಜು ಹಿಡಿದು ನೋಡಬೇಕು. ಆದರೆ ಹೆಚ್ಚು ಗಾಳಿ ಎಲ್ಲ ಕಡೆಯೂ ಒಳ್ಳೆಯದು ಎಂಬುದೂ ತಪ್ಪು. ವೇದಾವತಿಯ ಮರಳಿನಲ್ಲಿ ಗಟ್ಟಿ ಗಾಳಿಯ ಟೈರು ಹೂತುಹೋಗುತ್ತದೆ, ಹೂತ ಚಕ್ರ ಗುಂಡಿ ತೋಡುತ್ತ ಡೀಸೆಲು ಸುಡುತ್ತದೆ. ಅಲ್ಲಿ ಗಾಳಿ ಇಳಿಸಿ ಟೈರನ್ನು ಅಗಲ ಮಾಡುವುದೇ ಮಿತವ್ಯಯ. ಡಾಂಬರು ಸಿಕ್ಕೊಡನೆ ಮತ್ತೆ ತುಂಬಿಸದಿದ್ದರೆ ಅದೇ ದುಂದು. ಫೋರ್‌ವೀಲ್ ಗೇರಿಗೂ ಇದೇ ನಿಯಮ. ಈ ಜೀಪುಗಳಲ್ಲಿ ಮುಂದಿನ, ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಶಿಯಲ್ ಇಲ್ಲ. ಗಟ್ಟಿ ರಸ್ತೆಯಲ್ಲಿ ಫೋರ್‌ವೀಲ್ ಹಾಕಿ ತಿರುಗಿಸಿದರೆ ಎರಡೂ ಆಕ್ಸಲುಗಳು ಒಂದನ್ನೊಂದು ಜಗ್ಗುತ್ತವೆ. ಟೈರು, ಗೇರು, ಡೀಸೆಲು ಮೂರೂ ಸವೆಯುತ್ತವೆ. ಬ್ರೇಕ್ ಹಿಡಿದುಕೊಂಡ ಚಕ್ರ ಇದಕ್ಕಿಂತ ಮೌನವಾಗಿ ತಿನ್ನುತ್ತದೆ. ಜಾಕಿಯ ಮೇಲೆ ಎತ್ತಿದಾಗ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗದಿದ್ದರೆ, ಓಡಿ ಬಂದ ಮೇಲೆ ಒಂದು ಡ್ರಮ್ಮು ಮಾತ್ರ ಸುಡುತ್ತಿದ್ದರೆ, ಸೋರಿಕೆ ಅಲ್ಲಿದೆ. ಕ್ಯಾರಿಯರ್ ಮೇಲೆ ಮರೆತ ಸರಕನ್ನು ಇಳಿಸುವುದಕ್ಕಂತೂ ಗ್ಯಾರೇಜಿನ ಹಂಗೂ ಬೇಕಿಲ್ಲ.

ಎಂಜಿನ್ನಿನ ಸರದಿ ಬರುವುದು ಇದಾದ ಮೇಲೆ. ಹಲವು ಜೀಪುಗಳಲ್ಲಿರುವ 2112 ಸಿಸಿಯ ಪ್ಯೂಜೊ ಎಕ್ಸ್‌ಡಿಪಿ 4.90 ಎಂಜಿನ್ನು ಡೀಸೆಲನ್ನು ನೇರವಾಗಿ ಪಿಸ್ಟನ್ನಿನ ಮೇಲೆ ಸಿಂಪಡಿಸದೆ ಪಕ್ಕದ ಸುಳಿಕೋಣೆಯೊಳಗೆ ಸಿಂಪಡಿಸುತ್ತದೆ. ಆ ಕೋಣೆಯ ಗೋಡೆಗೆ ಹೋಗುವ ಶಾಖದಿಂದಾಗಿ ಈ ಬಗೆಯ ಎಂಜಿನ್ನು ನೇರ ಸಿಂಪಡಣೆಯದಕ್ಕಿಂತ ಶೇ. 10–15ರಷ್ಟು ಹೆಚ್ಚು ಇಂಧನ ಬೇಡುವುದು ಹುಟ್ಟುಗುಣ. ಅದನ್ನು ಯಾವ ಮೇಸ್ತ್ರಿಯೂ ತಿದ್ದಲಾರ. ತಿದ್ದಬಹುದಾದದ್ದು ಗಾಳಿ, ಸಿಂಪಡಣೆ ಮತ್ತು ತಾಪ. ಪೆಟ್ರೋಲ್ ಎಂಜಿನ್ನಿನಂತೆ ಡೀಸೆಲಿನಲ್ಲಿ ಗಾಳಿಯನ್ನು ಅಳೆದು ಬಿಡುವ ಬಾಗಿಲಿಲ್ಲ. ಏರ್ ಫಿಲ್ಟರ್ ಕಟ್ಟಿದರೆ ಗಾಳಿ ಕಡಿಮೆಯಾಗಿ, ಸಿಂಪಡಿಸಿದ ಡೀಸೆಲಿನ ಒಂದಂಶ ಕಪ್ಪು ಹೊಗೆಯಾಗಿ ಹೊರಬೀಳುತ್ತದೆ. ಮಳೆ ಕಡಿಮೆಯಿರುವ ಈ ಬಯಲಿನಲ್ಲಿ, ಶೇಂಗಾ ಕೀಳುವ ಕಾಲದ ಕೆಂಧೂಳಿನಲ್ಲಿ, ಎಣ್ಣೆತೊಟ್ಟಿಯ ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಅವಧಿಗಿಂತ ಬೇಗ ತೊಳೆದು ಎಣ್ಣೆ ಬದಲಿಸಬೇಕು. ದಾಟಿ ಒಳಹೋದ ಧೂಳು ಲೈನರು, ರಿಂಗುಗಳನ್ನು ಉಜ್ಜಿ ಕಂಪ್ರೆಶನ್ ಇಳಿಸುತ್ತದೆ. ಆ ನಷ್ಟ ಮರಳಿ ಬಾರದು. ನಾಝಲ್ ತುದಿ ಸವೆದು ಹನಿ ಹಾಕತೊಡಗಿದರೆ ಡೀಸೆಲು ಮಂಜಾಗದೆ ಅರೆಬೆಂದು ಹೋಗುತ್ತದೆ. ಅದರ ಒತ್ತಡವನ್ನೂ, ಜನ ಇಂದಿಗೂ ‘ಮೈಕೋ ಪಂಪು’ ಎನ್ನುವ ಇಂಧನ ಪಂಪಿನ ಅಳತೆಯನ್ನೂ ಪರೀಕ್ಷಾ ಯಂತ್ರದ ಮೇಲಿಟ್ಟೇ ಹೊಂದಿಸಬೇಕು, ಕಿವಿಯ ಅಂದಾಜಿನಲ್ಲಿ ಅಲ್ಲ. ಬಿಸಿಲ ನಾಡೆಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವ ರೂಢಿ ಇನ್ನೊಂದು ತಪ್ಪು. ಸುಮಾರು 80 ಡಿಗ್ರಿಯಲ್ಲಿ ದುಡಿಯಬೇಕಾದ ಎಂಜಿನ್ನು ತಣ್ಣಗೆ ಓಡಿದಷ್ಟೂ ಎಣ್ಣೆ ಮಂದವಾಗಿ ಘರ್ಷಣೆ ಹೆಚ್ಚುತ್ತದೆ. ಎಂಜಿನ್ನು ಕಾಯುತ್ತಿದ್ದರೆ ತೊಳೆಯಬೇಕಾದ್ದು ರೇಡಿಯೇಟರನ್ನು.

ಎಣ್ಣೆ ಮಿಲ್ಲುಗಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯನ್ನೇ ಡೀಸೆಲಿಗೆ ಬೆರೆಸಿದರೆ ಏನು ಎಂಬ ಪ್ರಶ್ನೆ ಹುಡುಗಾಟದ್ದಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ನು ಶೇಂಗಾ ಎಣ್ಣೆಯಲ್ಲೇ ಓಡಿತ್ತು. ಆದರೆ ಓಡುವುದು ಬೇರೆ, ಮಿತವಾಗಿ ಬಹುಕಾಲ ಓಡುವುದು ಬೇರೆ. 40 ಡಿಗ್ರಿ ತಾಪದಲ್ಲಿ ಶೇಂಗಾ ಎಣ್ಣೆ ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದ. ನಾಝಲಿನಿಂದ ಮಂಜಾಗಿ ಹೊರಡದು, ರಿಂಗುಗಳಲ್ಲಿ ಅಂಟಾಗಿ, ನಾಝಲ್ ತುದಿಯಲ್ಲಿ ಇದ್ದಿಲಾಗಿ ಕೂರುತ್ತದೆ. ಲೀಟರೊಂದರಲ್ಲಿ ಅಡಗಿರುವ ಶಕ್ತಿಯೂ ಡೀಸೆಲಿನದಕ್ಕಿಂತ ಶೇ. 5ರಷ್ಟು ಕಡಿಮೆ. ಅಡುಗೆ ಎಣ್ಣೆ ಡೀಸೆಲಿಗಿಂತ ದುಬಾರಿ ಬೇರೆ. ಹೊಂಗೆಯಂಥ ಎಣ್ಣೆಯನ್ನು ರಾಸಾಯನಿಕವಾಗಿ ಸಂಸ್ಕರಿಸಿ ಮಾಡುವ ಜೈವಿಕ ಡೀಸೆಲಿನಲ್ಲಿ ಮಂದತೆಯ ದೋಷ ಬಹುಪಾಲು ನೀಗುತ್ತದೆ. ಅದರಿಂದ ಹೊರದೇಶದ ತೈಲ ಉಳಿದೀತು, ಮೈಲೇಜ್ ಏರದು. ಇನ್ನು ಇಂಧನ ಕೊಳವೆಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆಗಳ ಮಾತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದರೂ ಗಮನಾರ್ಹ ಉಳಿತಾಯ ತೋರಿಸಿದ್ದು ಕಾಣಲಿಲ್ಲ. ಹಾಕಿದ ಮೇಲೆ ಫಲ ಕಂಡಿತು ಎನ್ನುವವರು ಸುಳ್ಳು ಹೇಳುತ್ತಾರೆಂದಲ್ಲ. ಮೈಲೇಜ್ ನೋಡಲು ಹೊರಟವರು ಆ ವಾರ ಮೆಲ್ಲಗೆ ಓಡಿಸಿರುತ್ತಾರೆ, ಒಂದೇ ಟ್ಯಾಂಕು ಅಳೆದಿರುತ್ತಾರೆ.

ಕೊನೆಯ ಆಕ್ಷೇಪ ಬಲವಾದದ್ದು: ಹುಟ್ಟುಗುಣವೇ ಹೀಗಿರುವಾಗ ಎಂಜಿನ್ನನ್ನೇ ಬದಲಿಸಿ ಹೊಸ ಬಗೆಯದನ್ನು ಕೂರಿಸಬಾರದೇಕೆ? ಕೂರಿಸಬಹುದು, ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ವಿವರಗಳನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಆರ್‌ಟಿಓ ಒಪ್ಪಿಗೆಯಿಲ್ಲದ ಎಂಜಿನ್ನು ಎಫ್‌ಸಿ, ವಿಮೆ ಎರಡಕ್ಕೂ ತೊಡಕು. ಹಣದ ಲೆಕ್ಕವೂ ಅನುಕೂಲವಾಗಿಲ್ಲ. ವರ್ಷಕ್ಕೆ 8000 ಕಿ.ಮೀ. ಓಡುವ ಜೀಪು ಲೀಟರಿಗೆ 8ರಿಂದ 10 ಕಿ.ಮೀ.ಗೆ ಏರಿದರೆ 200 ಲೀಟರು ಉಳಿಯುತ್ತದೆ. 10ರಿಂದ 12ಕ್ಕೆ ಏರಿದರೆ 133. 12ರಿಂದ 14ಕ್ಕೆ ಏರಿದರೆ ಕೇವಲ 95. ಏರಿಕೆ ಪ್ರತಿ ಸಲವೂ 2 ಕಿ.ಮೀ., ಉಳಿತಾಯ ಮಾತ್ರ ಇಳಿಯುತ್ತ ಹೋಗುತ್ತದೆ. ತೀರ ಹದಗೆಟ್ಟ ಜೀಪಿಗೆ ಗೇಜು, ಜಾಕಿ, ಫಿಲ್ಟರ್ ಎಣ್ಣೆಯಂಥ ಅಗ್ಗದ ಕೆಲಸಗಳೇ ದೊಡ್ಡ ಗಳಿಕೆ ಕೊಡುತ್ತವೆ, ಸುಸ್ಥಿತಿಯ ಜೀಪಿಗೆ ದುಬಾರಿ ಎಂಜಿನ್ನು ಕೊಡುವುದು ಚಿಕ್ಕ ಗಳಿಕೆ ಎಂಬುದು ಇದರ ಅರ್ಥ. ದಿನವೂ ಬಾಡಿಗೆಗೆ ಓಡುವ ವಾಹನಕ್ಕೆ ಈ ತಕ್ಕಡಿ ಬೇರೆಡೆ ವಾಲಬಹುದು. ಹೊಲ, ಸಂತೆ, ಜಾತ್ರೆಗಳ ನಡುವೆ ಓಡಾಡುವ ಜೀಪಿಗೆ ಕೆಲಸದ ಅನುಕ್ರಮ ಸ್ಪಷ್ಟ: ಮೊದಲು ಅಳತೆ, ಬಳಿಕ ಚಕ್ರ ಮತ್ತು ವೇಗ, ಆಮೇಲೆ ಗಾಳಿ ಮತ್ತು ನಾಝಲು, ಎಲ್ಲ ಮುಗಿದ ಮೇಲೂ ಲೆಕ್ಕ ಕೂಡದಿದ್ದರೆ ಮಾತ್ರ ಎಂಜಿನ್ನು.