ಹಳೆಯ ಐಷಾರಾಮಿ ಕಾರುಗಳಲ್ಲಿ ವಿದ್ಯುನ್ಮಾನ ನಿಯಂತ್ರಣ ಘಟಕಗಳ ಸ್ಥಾನ: ಒಂದು ಚಾರಿತ್ರಿಕ ವಿವೇಚನೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ವೇಗವನ್ನೂ ಬಲವನ್ನೂ ವರ್ಣಿಸುತ್ತಾರೆ. ಅವುಗಳ ಅಂಗಗಳು ಎಲ್ಲಿವೆಯೆಂಬ ವಿಷಯವನ್ನು ಮೆಕ್ಯಾನಿಕ್ಕುಗಳ ಪಾಲಿಗೆ ಬಿಡುತ್ತಾರೆ. ಆದರೆ ಹಳೆಯ ಬೆಲೆಬಾಳುವ ಕಾರಿನಲ್ಲಿ ವಿದ್ಯುನ್ಮಾನ ನಿಯಂತ್ರಣ ಘಟಕವಿರುವ ಸ್ಥಾನವೇ ಒಂದು ಚಾರಿತ್ರಿಕ ಸಾಕ್ಷ್ಯವಾಗಿದೆ. ಇದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1967ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ‘ಡಿ-ಜೆಟ್ರಾನಿಕ್’ ಎಂಬ ವಿದ್ಯುನ್ಮಾನ ಇಂಧನ ವ್ಯವಸ್ಥೆಯನ್ನು ಬಳಕೆಗೆ ತಂದಿತು. 1951ರಲ್ಲಿ ಸ್ಥಾಪಿತವಾದ ಬೆಂಗಳೂರಿನ ‘ಮೈಕೋ’ದ ಮೂಲಕ ಈ ಸಂಸ್ಥೆ ನಮ್ಮ ನಾಡಿಗೂ ಪರಿಚಿತವೇ. ಆರಂಭದ ಘಟಕಗಳನ್ನು ಇಂಜಿನಿನ ತಾಪದಿಂದ ಕಾಪಾಡುವುದು ಅವಶ್ಯವಾಗಿತ್ತು. ಆದ್ದರಿಂದ ಜಾಗ್ವಾರ್ ಎಕ್ಸ್‌ಜೆ-ಎಸ್ ಕಾರಿನ ಹನ್ನೆರಡು ಸಿಲಿಂಡರಿನ ಮಾದರಿಯಲ್ಲಿ ಅದನ್ನು ಹಿಂದಿನ ಡಿಕ್ಕಿಯಲ್ಲಿಟ್ಟರು. ಇಂಜಿನಿನ ನಿರ್ವಾತವನ್ನು ಅಲ್ಲಿಯವರೆಗೆ ಒಯ್ಯಲು ಕಾರಿನುದ್ದಕ್ಕೂ ನಳಿಕೆಯೊಂದನ್ನು ಹಾಯಿಸಬೇಕಾಯಿತು.

1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸಿಗೆ ಚಕ್ರಗಳು ಕಚ್ಚಿಕೊಳ್ಳದಂತೆ ತಡೆಯುವ ವಿದ್ಯುನ್ಮಾನ ಬ್ರೇಕು ಬಂದಿತು. 1979ರಲ್ಲಿ ಬಿಎಂಡಬ್ಲ್ಯೂ 732ಐ ಕಾರಿನಲ್ಲಿ ಇಂಧನ ಹಾಗೂ ಕಿಡಿಯ ನಿಯಂತ್ರಣಗಳು ಒಂದೇ ಘಟಕದಲ್ಲಿ ಸೇರಿದವು. ಹೀಗೆ ಘಟಕಗಳು ಹೆಚ್ಚುತ್ತ ಹೋದಂತೆ ಅವುಗಳಿಗೆ ಪ್ರತ್ಯೇಕ ಸ್ಥಳ ಬೇಕಾಯಿತು. 1995ರಿಂದ ಪುಣೆಯಲ್ಲಿ ಜೋಡಿಸಲಾದ ಮರ್ಸಿಡಿಸ್ ‘ಡಬ್ಲ್ಯೂ 124’ ಮಾದರಿಯಲ್ಲಿ ಅವು ಬಾನೆಟ್ಟಿನೊಳಗೆ ಬ್ಯಾಟರಿಯ ಹಿಂದಣ ಮರೆಯಲ್ಲಿ ಕುಳಿತಿವೆ. 1986ರಲ್ಲಿ ಬಾಷ್ ಪ್ರಕಟಿಸಿದ ‘ಕ್ಯಾನ್’ ಎಂಬ ಸಂಪರ್ಕ ವಿಧಾನದಿಂದ ಘಟಕಗಳು ದೂರದೂರವಿದ್ದೂ ಪರಸ್ಪರ ಸಂದೇಶ ಕಳುಹಿಸುವುದು ಸುಲಭವಾಯಿತು. ಆ ಬಳಿಕ ಅವು ಕಾರಿನ ಮೂಲೆಮೂಲೆಗೂ ಹರಡಿದವು; ಕೆಲವು ಆಡಿ ಕಾರುಗಳಲ್ಲಿ ಗೇರಿನ ಘಟಕವು ಕಾಲಡಿಯ ಕಾರ್ಪೆಟ್ಟಿನ ಕೆಳಗಿದೆ.

ಹಾಸನ ಜಿಲ್ಲೆಗೆ ಈ ವಿಷಯ ದೂರದ್ದಲ್ಲ. ಮಲೆನಾಡೂ ಮೈದಾನವೂ ಕೂಡುವ ಪ್ರದೇಶವಿದು. ಚನ್ನರಾಯಪಟ್ಟಣದ ಧೂಳಿನಲ್ಲಿ ಹೊರಟ ಕಾರು ಅದೇ ದಿನ ಸಕಲೇಶಪುರದ ಮಳೆಯನ್ನು ಕಾಣಬಹುದು. ಗಾಜಿನ ಬುಡದ ನೀರಿನ ಕಂಡಿ ಎಲೆಗಳಿಂದ ಕಟ್ಟಿಕೊಂಡರೆ ನೀರು ಒಳಸೇರಿ, ಕಾರ್ಪೆಟ್ಟಿನಡಿಯ ಘಟಕವು ಸದ್ದಿಲ್ಲದೆ ಕೆಡುತ್ತದೆ. ಅದು ಎಲ್ಲಿದೆಯೆಂದು ತಿಳಿಯದವನು ಕೆಡದ ಭಾಗಗಳನ್ನೇ ಬದಲಿಸುತ್ತಾನೆ. ವೆಚ್ಚಕ್ಕೆ ಬೇಸತ್ತ ಒಡೆಯನು ಕಾರನ್ನು ಗುಜರಿಗೆ ಹಾಕುತ್ತಾನೆ.

ಹುಡುಕುವವರು ಎರಡು ಸಂಗತಿಗಳನ್ನು ನೆನಪಿಡಬೇಕು. ಕೈಪಿಡಿಯು ‘ಬಲಗಡೆ’ ಎಂದಾಗ, ಕಾರಿನೊಳಗೆ ಮುಂದಕ್ಕೆ ಮುಖಮಾಡಿ ಕುಳಿತವರ ಬಲವೆಂದೇ ಅರ್ಥ. ಎಡಗಡೆ ಸ್ಟೀರಿಂಗಿನ ದೇಶಗಳಿಗಾಗಿ ಬರೆದ ಕೈಪಿಡಿಯ ಮಾತು ನಮ್ಮ ಕಾರಿಗೆ ಯಥಾವತ್ತಾಗಿ ಹೊಂದದಿರಬಹುದು. ಆದಕಾರಣ ಬ್ಯಾಟರಿಯ ಸಂಪರ್ಕವನ್ನು ಕಳಚಿ, ತಂತಿಗಳ ಕಟ್ಟನ್ನು ಅನುಸರಿಸಿ ಹೋಗಿ, ಘಟಕದ ಮೇಲಿನ ಸಂಖ್ಯೆಯನ್ನು ಓದಿ ನಿಶ್ಚಯಿಸುವುದೇ ಕ್ರಮ.

ಇಂಥ ತಿಳಿವಳಿಕೆಯ ಬಹುಭಾಗ ಮೆಕ್ಯಾನಿಕ್ಕುಗಳ ಕೈಯಲ್ಲಿದೆ, ಬರಹದಲ್ಲಿಲ್ಲ. ಶಾಸನಗಳನ್ನು ಹುಡುಕಿ ಹಳ್ಳಿಗಳನ್ನು ಸುತ್ತಿದ ವಿದ್ವಾಂಸರ ಪರಂಪರೆ ನಮ್ಮದು. ಹಳ್ಳಿಮೈಸೂರು, ಹೊಳೆನರಸೀಪುರ, ಅರಕಲಗೂಡು ಕಡೆಯ ವಿದ್ಯಾರ್ಥಿಗಳು ಅದೇ ಶ್ರದ್ಧೆಯಿಂದ ಗ್ಯಾರೇಜುಗಳಿಗೂ ಹೋಗಿ, ಅಲ್ಲಿಯ ಹಿರಿಯರನ್ನು ಕೇಳಿ ಬರೆದಿಟ್ಟಲ್ಲಿ, ಯಂತ್ರಗಳ ಚರಿತ್ರೆಗೆ ದೊಡ್ಡ ಉಪಕಾರವಾದೀತು.