ಕೂತು ಮಾತಾಡಿದ ಮೇಲೆ ಮದುವೆ

ಕ್ರಿಸ್ಮಸ್ ಮುಗಿದು ಪವಿತ್ರ ಕುಟುಂಬದ ಹಬ್ಬ ಬರುವ ಹೊತ್ತಿಗೆ ನಮ್ಮ ದೇವಾಲಯಗಳಲ್ಲಿ ಮದುವೆಯ ಪ್ರಕಟಣೆಗಳು ಶುರುವಾಗುತ್ತವೆ. ವಧೂವರರ ಹೆಸರು, ತಂದೆತಾಯಿಯರ ಹೆಸರು, ಊರು ಓದಿ, ಅಡ್ಡಿಯೇನಾದರೂ ಇದ್ದರೆ ಗುರುಗಳಿಗೆ ತಿಳಿಸಿ ಎನ್ನುತ್ತಾರೆ. ಹಿಂದಿನ ಬೆಂಚಿನಲ್ಲಿ "ಯಾರ ಮಗಳಂತೆ?" ಎಂಬ ಪಿಸುಮಾತು. ಪ್ರಿಯರೇ, ಈ ಪ್ರಕಟಣೆಯ ಹಿಂದೆ ಎಂಟುನೂರು ವರ್ಷಗಳ ಕಥೆಯಿದೆ.

ಮಧ್ಯಯುಗದ ಯುರೋಪಿನಲ್ಲಿ ಗಂಡು ಹೆಣ್ಣು ಪರಸ್ಪರ ಒಪ್ಪಿ ಮಾತು ಕೊಟ್ಟರೆ, ಸಾಕ್ಷಿಗಳಿಲ್ಲದಿದ್ದರೂ ಅದು ಮದುವೆಯೇ. ಗುಟ್ಟಾಗಿ ಒಬ್ಬಳಿಗೆ ಮಾತು ಕೊಟ್ಟವನು ಮುಂದೆ ಇನ್ನೊಬ್ಬಳನ್ನು ಊರೆದುರು ಮದುವೆಯಾದರೆ, ಮೊದಲನೆಯವಳು ಪುರಾವೆ ಎಲ್ಲಿಂದ ತಂದಾಳು? 1215ರ ನಾಲ್ಕನೇ ಲ್ಯಾಟೆರನ್ ಮಹಾಸಭೆ ಗುಟ್ಟಿನ ಮದುವೆಗಳನ್ನು ನಿಷೇಧಿಸಿ, ದೇವಾಲಯದಲ್ಲಿ ಮೊದಲೇ ಪ್ರಕಟಿಸಬೇಕೆಂದಿತು. 1563ರ ನವೆಂಬರಿನಲ್ಲಿ ಟ್ರೆಂಟ್ ಮಹಾಸಭೆ ಇನ್ನೂ ಬಿಗಿ ಮಾಡಿತು. ಮೂರು ಹಬ್ಬದ ದಿನಗಳಲ್ಲಿ ಪ್ರಕಟಣೆ, ಗುರುಗಳು ಮತ್ತು ಇಬ್ಬರು ಮೂವರು ಸಾಕ್ಷಿಗಳ ಎದುರು ಮದುವೆ, ಪುಸ್ತಕದಲ್ಲಿ ದಾಖಲೆ. ಅಜ್ಜ ಅಜ್ಜಿಯ ಮದುವೆಯ ದಾಖಲೆ ಹುಡುಕಿಕೊಂಡು ಧರ್ಮಕೇಂದ್ರದ ಕಚೇರಿಗೆ ಬರುವವರು ಆ ಆಜ್ಞೆಯನ್ನು ನೆನೆಯಬೇಕು.

ಆದರೆ ಗಮನಿಸಿ. ಇಷ್ಟೆಲ್ಲ ಏರ್ಪಾಡಿನಲ್ಲಿ ಕೇಳುವ ಪ್ರಶ್ನೆ ಒಂದೇ, ಇವರು ಮದುವೆಯಾಗಲು ಸ್ವತಂತ್ರರೇ ಎಂದು. ಮದುವೆಗೆ ಮುನ್ನ ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಿರೆಂದೂ ಟ್ರೆಂಟ್ ಬುದ್ಧಿ ಹೇಳಿತು, ನಿಜ. ಅದೂ ಒಬ್ಬೊಬ್ಬರೇ ಮಾಡುವ ಸಿದ್ಧತೆ. ಇಬ್ಬರೂ ಒಟ್ಟಿಗೆ ಕೂತು ಮಾತಾಡಿದ್ದಾರೆಯೇ ಎಂದು ಯಾರೂ ಕೇಳಲಿಲ್ಲ.

ಆ ಪ್ರಶ್ನೆ ಗಟ್ಟಿಯಾಗಿ ಕೇಳಿಬಂದದ್ದು ಇಪ್ಪತ್ತನೇ ಶತಮಾನದಲ್ಲಿ. 1939ರಲ್ಲಿ ಪ್ಯಾರಿಸಿನ ನಾಲ್ಕು ದಂಪತಿಗಳು ಗುರು ಹೆನ್ರಿ ಕಫಾರೆಲ್ ಅವರೊಡನೆ ಸೇರತೊಡಗಿದರು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆಂಬ ಲೂಕನ ಶುಭಸಂದೇಶದ ಮಾತನ್ನು ಹಿಡಿದು, ಗಂಡ ಹೆಂಡತಿ ತಿಂಗಳಿಗೊಮ್ಮೆ ದೇವರ ಮುಂದೆ ಕೂತು ಮನಬಿಚ್ಚಿ ಮಾತಾಡುವುದು ಕರ್ತವ್ಯವೆಂದು ಅವರು ಕಲಿಸಿದರು. ಕರ್ತವ್ಯ ಎಂಬ ಪದ ಗಟ್ಟಿಯೇ, ಆದರೆ ಬೇಕಾದದ್ದೇ. ಮನಸ್ಸು ಬಂದಾಗ ಮಾತಾಡೋಣ ಎಂದರೆ ಬರುವುದು ಜಗಳದ ದಿನ ಮಾತ್ರ! 1962ರಲ್ಲಿ ಸ್ಪೇನಿನ ಗುರು ಗೇಬ್ರಿಯಲ್ ಕಾಲ್ವೊ ಬಾರ್ಸಿಲೋನಾದಲ್ಲಿ 28 ದಂಪತಿಗಳಿಗಾಗಿ ವಾರಾಂತ್ಯದ ಕೂಟ ನಡೆಸಿದರು. ಅದೇ ಮ್ಯಾರೇಜ್ ಎನ್‌ಕೌಂಟರ್ ಆಯಿತು. ಅದೇ ದಾರಿಯಲ್ಲಿ ನಿಶ್ಚಿತಾರ್ಥವಾದವರಿಗೂ ಕೂಟಗಳು ಹುಟ್ಟಿದವು.

1981ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಕುಟುಂಬದ ಕುರಿತ ತಮ್ಮ ಪತ್ರದಲ್ಲಿ ಸಿದ್ಧತೆಗೆ ಮೂರು ಹಂತ ಹೇಳಿದರು. ಮೊದಲ ಹಂತ ಶುರುವಾಗುವುದು ಬಾಲ್ಯದಲ್ಲಿ, ಮನೆಯಲ್ಲೇ.

ನಮ್ಮಲ್ಲಿಯೂ ಈಗ ಮದುವೆಪೂರ್ವ ಶಿಬಿರಗಳಿವೆ. ಪ್ರಮಾಣಪತ್ರ ಸಿಕ್ಕರಾಯಿತೆಂದು ಗಡಿಯಾರ ನೋಡುವವರೂ ಇದ್ದಾರೆ. ಹಿರಿಯರು ಕೂಡಿಸಿದ ಸಂಬಂಧದಲ್ಲಿ ಹುಡುಗ ಹುಡುಗಿ ಅಲ್ಲಿಯತನಕ ಫೋನಿನಲ್ಲಿ ಊಟ ಆಯ್ತಾ ಎಂದಷ್ಟೇ ಕೇಳಿಕೊಂಡಿರಬಹುದು. ಶಿಬಿರಕ್ಕೆ ಹೋಗುವ ಮುನ್ನ ಒಂದು ಸಂಜೆ ಇಬ್ಬರೂ ಒಂದೊಂದು ಹಾಳೆ ಹಿಡಿದು ಕೂರಲಿ: ಮನೆಯ ಮೇಲೆ ಸಾಲ ಎಷ್ಟಿದೆ? ವಯಸ್ಸಾದ ತಾಯಿ ಯಾರೊಂದಿಗೆ ಇರುತ್ತಾರೆ? ಮಗುವಾದ ಮೇಲೆ ಕೆಲಸ ಬಿಡಬೇಕೆಂದು ಯಾರಾದರೂ ಆಗಲೇ ತೀರ್ಮಾನಿಸಿದ್ದಾರೆಯೇ? ಉತ್ತರ ಬರೆದು ಹಾಳೆ ಅದಲುಬದಲು ಮಾಡಿಕೊಳ್ಳಲಿ. ಉತ್ತರಗಳು ಹೊಂದದಿದ್ದರೆ ಆ ಹಾಳೆಗಳನ್ನೇ ಶಿಬಿರಕ್ಕೆ ತರಲಿ.