ತಿಳಿನೀರೆಲ್ಲ ಶುದ್ಧವಲ್ಲ: ಗಾಜಿನ ಪೆಟ್ಟಿಗೆಯೊಳಗಿನ ಕಡಲಿನ ಕಥೆ

ಹೋಟೆಲಿನ ಪಡಸಾಲೆಯಲ್ಲೋ ವೈದ್ಯರ ಕೋಣೆಯ ಮುಂದೆಯೋ ಗಾಜಿನ ತೊಟ್ಟಿಯೊಳಗೆ ಬಣ್ಣದ ಮೀನುಗಳು ಓಡಾಡುವುದನ್ನು ನೋಡದವರು ಕಡಿಮೆ. ಆದರೆ ಉಪ್ಪುನೀರಿನ ತೊಟ್ಟಿಯಲ್ಲಿ ಜೀವಂತ ಹವಳ ಅರಳಿ ನಿಂತ ನೋಟ ಇಂದಿಗೂ ಅಪರೂಪ. ಅದರಲ್ಲೂ ಮೃದು ಹವಳಗಳ ತೊಟ್ಟಿ ಒಂದು ಪುಟ್ಟ ತೋಟದಂತೆ ಕಾಣುತ್ತದೆ. ಒಂದು ಅಣಬೆಯ ಹಾಗೆ ಕೊಡೆ ಬಿಚ್ಚಿದೆ, ಇನ್ನೊಂದು ಬೆರಳುಗಳ ಹಾಗೆ ಕವಲೊಡೆದಿದೆ, ಮತ್ತೊಂದು ಎಳೆಗೂಸಿನ ಮುಷ್ಟಿಯಂತೆ ಮುಚ್ಚಿ ತೆರೆಯುತ್ತಿದೆ. ನೀರಂತೂ ಕನ್ನಡಿಯಷ್ಟು ತಿಳಿ.

ನೋಡುವವರು ಮೋಸಹೋಗುವುದು ಈ ತಿಳಿನೀರಿನಿಂದಲೇ. ಕಣ್ಣಿಗೆ ಸ್ವಚ್ಛವಾಗಿ ಕಾಣುವ ನೀರಿನಲ್ಲಿಯೇ ಹವಳ ಕೆಲವೇ ದಿನಗಳಲ್ಲಿ ಕೊಳೆತು ಕರಗಿಹೋಗಬಹುದು. ಹಾಗಾದರೆ ಶುದ್ಧ ನೀರು ಎಂದರೆ ಯಾವುದು? ಸರಳವಾಗಿ ಕಾಣುವ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಮನುಷ್ಯನಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಕೆಲಸದ ಹುಡುಗಿಯೇ ಯಂತ್ರ

ಕಡಲ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಕ್ರಮಬದ್ಧವಾಗಿ ಅಭ್ಯಾಸ ಮಾಡಿದವರಲ್ಲಿ ಮೊದಲ ಹೆಸರು ಜೀನ್ ವಿಲ್‌ಪ್ರೊ ಪವರ್ ಎಂಬ ಫ್ರೆಂಚ್ ಮಹಿಳೆಯದು. ಹೊಲಿಗೆಯಿಂದ ಬದುಕು ಆರಂಭಿಸಿ ಇಟಲಿಯ ಸಿಸಿಲಿ ದ್ವೀಪದಲ್ಲಿ ನೆಲೆಸಿದ್ದ ಈಕೆ 1832ರಲ್ಲಿ ಇಂಥ ತೊಟ್ಟಿಗಳನ್ನು ಮಾಡಿಸಿದಳು. ಆದರೆ ಆಕೆಯ ಮನೆ ಕಡಲಿನ ಪಕ್ಕದಲ್ಲಿತ್ತು. ಹೊಸ ನೀರಿಗೆ ಬರವಿರಲಿಲ್ಲ.

ಕಡಲಿನಿಂದ ದೂರದ ಊರಿನಲ್ಲಿ ಹವಳ ಸಾಕುವ ಸಾಹಸ ಮಾಡಿದವಳು ಲಂಡನ್ನಿನ ಅನ್ನಾ ಥಿನ್. ಪಾದ್ರಿಯೊಬ್ಬರ ಪತ್ನಿಯಾದ ಈಕೆ 1846ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಟಾರ್ಕಿ ಎಂಬ ಊರಿಗೆ ಹೋಗಿದ್ದಾಗ ಅಲ್ಲಿನ ಬಂಡೆಗಳ ಮೇಲಿನ ಸಣ್ಣ ಗಟ್ಟಿ ಹವಳಗಳಿಗೆ ಮಾರುಹೋದಳು. ದಾರಿಯಲ್ಲಿ ಅಲುಗಾಡಿ ಹಾಳಾಗದಿರಲೆಂದು ಅವುಗಳನ್ನು ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ತೀರದಿಂದ ತರಿಸುತ್ತಿದ್ದ ಕಡಲ ನೀರು ಸಾಲದಾದಾಗ ಇದ್ದ ನೀರನ್ನೇ ಮತ್ತೆ ಬಳಸುವ ಉಪಾಯ ಹೊಳೆಯಿತು. ತೆರೆದ ಕಿಟಕಿಯ ಮುಂದೆ ನಿಂತು, ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಆರಿಸುವಂತೆ, ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧ ಮುಕ್ಕಾಲು ಗಂಟೆ ಹೊಯ್ಯಬೇಕು. ನೀರಿಗೆ ಗಾಳಿ ಸೇರುತ್ತದೆ, ಹವಳ ಬದುಕುತ್ತದೆ.

ಈ ಕೆಲಸ ಮಾಡುತ್ತಿದ್ದವಳು ಮನೆಗೆಲಸದ ಹುಡುಗಿ. ಆಯಾಸದ ಕೆಲಸವೇ ಹೌದು, ಆದರೆ ಹುಡುಗಿಗೆ ಅದು ಒಂದು ವಿನೋದವಾಗಿತ್ತು ಎಂದು ಒಡತಿ ಬರೆದಿಟ್ಟಿದ್ದಾಳೆ. ಹುಡುಗಿ ಏನೆಂದುಕೊಂಡಿದ್ದಳೋ ಯಾರೂ ಬರೆದಿಡಲಿಲ್ಲ. ಇಂದು ಮೋಟಾರು ಪಂಪುಗಳು ಮಾಡುವ ಕೆಲಸವನ್ನು ಅಂದು ಹೊತ್ತುಕೊಂಡಿದ್ದವು ಅವಳ ಎರಡು ತೋಳುಗಳು. ಮುಂದೆ ಥಿನ್ ಅದೇ ನೀರಿಗೆ ಕಡಲಪಾಚಿಯನ್ನೂ ಸೇರಿಸಿದಳು. ಹವಳಗಳು ಸುಮಾರು ಮೂರು ವರ್ಷ ಬದುಕಿ ಮರಿಯನ್ನೂ ಹಾಕಿದವು.

ಗಾಜು ಅಗ್ಗವಾಯಿತು, ತೀರ ಬರಿದಾಯಿತು

1845ರಲ್ಲಿ ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾದಾಗ ಗಾಜು ಅಗ್ಗವಾಯಿತು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ ಸಿಹಿನೀರಿನ ತೊಟ್ಟಿಯಲ್ಲಿ ಮೀನು, ಜಲಸಸ್ಯ ಮತ್ತು ಬಸವನಹುಳುಗಳನ್ನು ಒಟ್ಟಿಗೆ ಇಟ್ಟ. ಗಿಡ ಆಮ್ಲಜನಕ ಕೊಡುತ್ತದೆ, ಹುಳು ಕೊಳೆತ ಎಲೆ ತಿನ್ನುತ್ತದೆ, ಮೀನಿನ ತ್ಯಾಜ್ಯ ಗಿಡಕ್ಕೆ ಗೊಬ್ಬರವಾಗುತ್ತದೆ ಎಂಬ ಸಮತೋಲನದ ಕಲ್ಪನೆ ಜನಪ್ರಿಯವಾಯಿತು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕ ಈ ಹವ್ಯಾಸಕ್ಕೆ ಹೆಸರನ್ನೂ ಹುಚ್ಚನ್ನೂ ಒಟ್ಟಿಗೆ ಹಚ್ಚಿತು.

ಫಲ ಏನಾಯಿತು? ಬಕೆಟ್ಟು, ಸುತ್ತಿಗೆ ಹಿಡಿದ ಮಂದಿ ತೀರಗಳಿಗೆ ನುಗ್ಗಿ ಬಂಡೆಗಳ ಮೇಲಿನ ಜೀವರಾಶಿಯನ್ನು ಕಿತ್ತೊಯ್ದರು. ತಂದೆಯ ಪುಸ್ತಕಗಳೇ ತಾನು ಬಾಲ್ಯದಲ್ಲಿ ಕಂಡ ಆ ಸುಂದರ ತೀರವನ್ನು ಬರಿದುಮಾಡಲು ದಾರಿ ತೋರಿದವೆಂದು ಗಾಸ್‌ನ ಮಗ ಎಡ್ಮಂಡ್ 1907ರ ತನ್ನ ಆತ್ಮಕಥನದಲ್ಲಿ ಮರುಗಿದ್ದಾನೆ. ಮನೆಗೆ ತಂದ ಜೀವಿಗಳಾದರೂ ಬದುಕಿದವೇ? ತುಂಬಾ ಜೀವಿಗಳು, ಸ್ವಲ್ಪ ನೀರು. ಸಮತೋಲನ ತಪ್ಪಿ ತೊಟ್ಟಿಗಳು ನಾರಿದವು. ಕೆಲವೇ ವರ್ಷಗಳಲ್ಲಿ ಹುಚ್ಚೂ ಇಳಿಯಿತು.

ಸೋಲಿನಿಂದ ಪಾಠ ಕಲಿತವನು ವಿಲಿಯಂ ಆಲ್ಫರ್ಡ್ ಲಾಯ್ಡ್. 1864ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಆತ ಮತ್ಸ್ಯಾಗಾರಗಳನ್ನು ರೂಪಿಸಿದ. ಪ್ರದರ್ಶನದ ತೊಟ್ಟಿಗಳ ಕೆಳಗೆ, ಅವುಗಳಿಗಿಂತ ದೊಡ್ಡದಾದ ಕತ್ತಲೆಯ ನೀರಿನ ಕೋಣೆ ಕಟ್ಟಿಸಿ, ಪಂಪಿನಿಂದ ಹಗಲಿರುಳು ನೀರನ್ನು ಮೇಲೆತ್ತಿ ಇಳಿಸುತ್ತಿದ್ದ. ಇಂದಿನ ಹವಳದ ತೊಟ್ಟಿಯ ಕೆಳಗಿನ ಪೆಟ್ಟಿಗೆಯಲ್ಲಿ ಅಡಗಿರುವ ‘ಸಂಪ್’ ಇದರ ಮರಿಮಗ ಎನ್ನಬಹುದು.

ಕಾಣದ ಕೆಲಸಗಾರರು

ಲಾಯ್ಡ್‌ನ ಉಪಾಯ ಫಲಿಸಿತು. ಆದರೆ ಏಕೆ ಫಲಿಸಿತೆಂಬುದು ಪೂರ್ತಿಯಾಗಿ ಗೊತ್ತಾದದ್ದು ಮುಂದೆ. 1890ರ ಸುಮಾರಿಗೆ ರಷ್ಯದ ಸೆರ್ಗೆಯ್ ವಿನೊಗ್ರಾದ್‌ಸ್ಕಿ ಅಮೋನಿಯಾವನ್ನು ಉಂಡು ಬದುಕುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ. ಮೀನಿನ ವಿಸರ್ಜನೆ, ಉಳಿದ ಆಹಾರ, ಸತ್ತ ಜೀವಿ ಇವೆಲ್ಲ ಕೊನೆಗೆ ಅಮೋನಿಯಾ ಆಗುತ್ತವೆ. ಅದಕ್ಕೆ ಬಣ್ಣವಿಲ್ಲ, ಆದ್ದರಿಂದ ನೀರು ತಿಳಿಯಾಗಿಯೇ ಇರುತ್ತದೆ, ಆದರೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಎರಡೂ ಕೆಲಸವನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದೆಂದು 2015ರಲ್ಲಿ ಪತ್ತೆಯಾಯಿತು. ಹಾಗೆ ಪತ್ತೆಯಾದ ಸ್ಥಳಗಳಲ್ಲೊಂದು ಮೀನು ಸಾಕಣೆಯ ಫಿಲ್ಟರ್ ಎಂಬುದು ವಿಶೇಷ.

ಫಿಲ್ಟರ್ ಎಂದರೆ ಕಸ ಹಿಡಿಯುವ ಜರಡಿ ಎಂಬ ತಿಳಿವಳಿಕೆ ಇಲ್ಲಿಗೆ ಬದಲಾಯಿತು. ಅದು ಬ್ಯಾಕ್ಟೀರಿಯಾಗಳಿಗೆ ಕಟ್ಟಿಕೊಟ್ಟ ಮನೆ. ಹಾಲಿಗೆ ಹೆಪ್ಪು ಹಾಕಿ ಕಾಯುವಂತೆ ಹೊಸ ತೊಟ್ಟಿಯಲ್ಲೂ ಈ ಜೀವಿಗಳು ಬೆಳೆಯುವ ತನಕ ನಾಲ್ಕಾರು ವಾರ ಕಾಯಬೇಕು. ಆತುರಪಟ್ಟು ಮೊದಲ ದಿನವೇ ಹವಳ ತಂದು ಬಿಟ್ಟವರು ಅದನ್ನು ಕಳೆದುಕೊಳ್ಳುವುದು ಇದೇ ಕಾರಣಕ್ಕೆ.

ಜಕಾರ್ತದ ಕಲ್ಲು, ಬರ್ಲಿನ್ನಿನ ನೊರೆ

1950ರ ದಶಕದಲ್ಲಿ ತಳದ ಜಲ್ಲಿಯ ಮೂಲಕ ನೀರು ಎಳೆಯುವ ಫಿಲ್ಟರುಗಳು ಬಳಕೆಗೆ ಬಂದವು. ಕಡಲ ಮೀನು ಬದುಕಿತು, ಹವಳ ಬದುಕಲಿಲ್ಲ. ಜಲ್ಲಿಯಲ್ಲಿ ಸಿಕ್ಕಿಕೊಂಡ ಕೊಳೆ ಅಲ್ಲಿಯೇ ಕೊಳೆತು ನೈಟ್ರೇಟ್ ಏರುತ್ತಲೇ ಹೋಗುತ್ತಿತ್ತು. 1956ರಲ್ಲಿ ಪೆಸಿಫಿಕ್ ಸಾಗರದ ನ್ಯೂ ಕ್ಯಾಲಡೋನಿಯಾದಲ್ಲಿ ರೆನೆ ಕತಾಲಾ ತೆರೆದ ಮತ್ಸ್ಯಾಗಾರದಲ್ಲಿ ಹವಳಗಳು ನಳನಳಿಸುತ್ತಿದ್ದವು ನಿಜ. ಆದರೆ ಅಲ್ಲಿಗೆ ಕಡಲಿನ ಹೊಸ ನೀರು ನಿರಂತರವಾಗಿ ಹರಿದುಬರುತ್ತಿತ್ತು.

ಬೇರೆ ದಾರಿ ತೋರಿಸಿದವನು ಇಂಡೊನೇಷ್ಯದ ಜಕಾರ್ತ ನಗರದ ಲೀ ಚಿನ್ ಎಂಗ್. ಕಡಲಿನಿಂದ ಜೀವಂತ ಕಲ್ಲು, ಅಂದರೆ ಸತ್ತ ಹವಳದ ರಂಧ್ರಗಳಲ್ಲಿ ಸಾವಿರಾರು ಜೀವಿಗಳು ಮನೆಮಾಡಿರುವ ಕಲ್ಲನ್ನು ತಂದು, ಬಿಸಿಲು ಬೀಳುವ ಕಡೆ ಇಟ್ಟು, ನಿಧಾನವಾಗಿ ಗಾಳಿಗುಳ್ಳೆ ಬಿಡುತ್ತಿದ್ದ. ಯಾವ ಫಿಲ್ಟರೂ ಇಲ್ಲ. 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಆತನ ವಿಧಾನ ಪ್ರಕಟವಾಯಿತು. ಕಲ್ಲಿನ ಒಳಭಾಗದಲ್ಲಿ ಆಮ್ಲಜನಕ ತೀರಾ ಕಡಿಮೆ. ಅಲ್ಲಿನ ಬೇರೊಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಟ್ಟುಬಿಡುತ್ತದೆ. ಯಂತ್ರಕ್ಕೆ ಸಾಧ್ಯವಾಗದ್ದನ್ನು ಕಲ್ಲು ಮಾಡುತ್ತಿತ್ತು.

ಇದಕ್ಕೆ ಜರ್ಮನ್ನರು ಇನ್ನೊಂದು ಯುಕ್ತಿ ಸೇರಿಸಿದರು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕೊಳೆಯ ನೊರೆಯನ್ನು ತೆಗೆದುಹಾಕುವುದನ್ನು ನಮ್ಮ ಹಳ್ಳಿಗರು ಬಲ್ಲರು. ‘ಪ್ರೋಟೀನ್ ಸ್ಕಿಮ್ಮರ್’ ಮಾಡುವುದೂ ಅದನ್ನೇ. ಕೊಳವೆಯೊಳಗೆ ಸಣ್ಣ ಗಾಳಿಗುಳ್ಳೆಗಳನ್ನು ಬಿಟ್ಟರೆ ನೀರಿನಲ್ಲಿ ಕರಗಿದ ಜಿಡ್ಡು ಗುಳ್ಳೆಗಳಿಗೆ ಅಂಟಿ, ನೊರೆಯಾಗಿ ಮೇಲಿನ ಬಟ್ಟಲಿಗೆ ಬಂದು ಬೀಳುತ್ತದೆ. ಕೊಳೆತು ಅಮೋನಿಯಾ ಆಗುವ ಮೊದಲೇ ಕೊಳೆ ಹೊರಗೆ. ಅಲೆ ಬಡಿಯುವ ಕಡಲ ದಂಡೆಯಲ್ಲಿ ಕಾಣುವ ನೊರೆಯಲ್ಲೂ ಇಂಥದೇ ಕ್ರಿಯೆ ನಡೆದಿರುತ್ತದೆ.

ಪೀಟರ್ ವಿಲ್ಕೆನ್ಸ್ ಮುಂತಾದವರು 1970ರ ದಶಕದಲ್ಲಿ ತಿಳಿ ಸುಣ್ಣದ ನೀರನ್ನು ಹನಿಹನಿಯಾಗಿ ಸೇರಿಸಿ ಹವಳಕ್ಕೆ ಸುಣ್ಣದಂಶ ಒದಗಿಸುವುದನ್ನು ಬಳಕೆಗೆ ತಂದರು. ನಮ್ಮ ವೀಳ್ಯದೆಲೆಗೆ ಹಚ್ಚುವ ಸುಣ್ಣದ ರಾಸಾಯನಿಕವೇ ಅದು. ಜೀವಂತ ಕಲ್ಲು, ನೊರೆ ತೆಗೆಯುವ ಯಂತ್ರ, ಸುಣ್ಣದ ನೀರು, ಪ್ರಖರ ದೀಪ ಇವುಗಳ ಕೂಟಕ್ಕೆ ‘ಬರ್ಲಿನ್ ವಿಧಾನ’ ಎಂದು ಹೆಸರಾಯಿತು. ಜಗತ್ತಿನಾದ್ಯಂತ ಇಂದಿನ ಹವಳದ ತೊಟ್ಟಿಗಳಿಗೆ ಬಹುಮಟ್ಟಿಗೆ ಇದೇ ಅಡಿಪಾಯ.

ಮೃದುವಾದರೂ ಸಾಧುವಲ್ಲ

ಮೃದು ಹವಳಕ್ಕೆ ಗಟ್ಟಿ ಹವಳದಂತೆ ಕಲ್ಲಿನ ಗೂಡಿಲ್ಲ. ಮಾಂಸಲ ಮೈಯೊಳಗೆ ಸುಣ್ಣದ ಸಣ್ಣ ಹರಳುಗಳಿರುತ್ತವೆ. ಪ್ರತಿ ಹೂವಿನಂಥ ಬಾಯಿಯ ಸುತ್ತ ಎಂಟು ಎಸಳುಗಳು. ತೊಟ್ಟಿಗಳಲ್ಲಿ ಸಾಕುವ ಹೆಚ್ಚಿನ ಜಾತಿಗಳ ಮೈಯಲ್ಲಿ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬೆಳಕಿನಿಂದ ಅದು ತಯಾರಿಸುವ ಆಹಾರವೇ ಹವಳಕ್ಕೆ ಮುಖ್ಯ ಊಟ. ಮುಷ್ಟಿಯಂತೆ ಬಡಿದುಕೊಳ್ಳುವ ಜೀನಿಯಾ ಎಂಬ ಹವಳ ಹಾಗೆ ಮಾಡುವುದು ಸುತ್ತಲಿನ ನೀರನ್ನು ಕದಡಿ, ಹೆಚ್ಚಾದ ಆಮ್ಲಜನಕವನ್ನು ದೂರ ಸಾಗಿಸಿ ಪಾಚಿಯ ದುಡಿಮೆಯನ್ನು ಹೆಚ್ಚಿಸಲು ಎಂದು 2013ರ ಸಂಶೋಧನೆಯೊಂದು ತೋರಿಸಿತು.

ಗಟ್ಟಿ ಕವಚವಿಲ್ಲದ ಈ ಜೀವಿಗಳ ಆಯುಧ ವಿಷ. ಪಕ್ಕದ ಹವಳ ತನ್ನ ಜಾಗಕ್ಕೆ ಬರದಂತೆ ಟರ್ಪೀನ್ ಜಾತಿಯ ರಾಸಾಯನಿಕಗಳನ್ನು ನೀರಿಗೆ ಬಿಡುತ್ತವೆ. ಕಡಲಿನಲ್ಲಿ ಅವು ಹರಿದುಹೋಗುತ್ತವೆ, ತೊಟ್ಟಿಯಲ್ಲಿ ಉಳಿಯುತ್ತವೆ. ಇವನ್ನು ಹೀರಿಕೊಳ್ಳಲು ಕ್ರಿಯಾಶೀಲ ಇದ್ದಿಲು ಬೇಕು. ಅದು ತುಂಬಿಹೋದ ಮೇಲೆ ಇದ್ದೂ ಇಲ್ಲದಂತೆ; ಆದ್ದರಿಂದ ತಿಂಗಳಿಗೊಮ್ಮೆಯಾದರೂ ಬದಲಿಸುತ್ತಾರೆ. ಅಣಬೆ ಹವಳ ಆಗಾಗ ಮುದುಡಿಕೊಂಡು ಮೇಣದಂಥ ಪೊರೆ ಕಳಚುತ್ತದೆ. ಸತ್ತಿತೆಂದು ಗಾಬರಿಯಾಗಬೇಕಿಲ್ಲ, ಆ ಪೊರೆ ಕೊಚ್ಚಿಹೋಗುವಷ್ಟು ನೀರಿನ ಓಟ ಇದ್ದರೆ ಸಾಕು.

ಉಳಿದದ್ದೆಲ್ಲ ದಿನಚರಿಯ ಶಿಸ್ತು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಆ ನೀರಿನಲ್ಲಿ ಕ್ಲೋರಿನ್ ಇರಬಾರದು, ತಾಮ್ರವೂ ಇರಬಾರದು. ಆರೋಗ್ಯಕ್ಕೆಂದು ನಾವು ತಾಮ್ರದ ತಂಬಿಗೆಯಲ್ಲಿ ನೀರಿಟ್ಟು ಕುಡಿಯುತ್ತೇವೆ, ಹವಳಕ್ಕೆ ಅದೇ ತಾಮ್ರ ಮಾರಕ. ನೊರೆಯ ಬಟ್ಟಲು ಮತ್ತು ಕಸ ಹಿಡಿಯುವ ಹತ್ತಿಯನ್ನು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ವಾರಕ್ಕೋ ಹದಿನೈದು ದಿನಕ್ಕೋ ಹತ್ತರಲ್ಲೊಂದು ಪಾಲು ನೀರು ಬದಲಿಸಬೇಕು. ಹಾಗೆಂದು ಅತಿಶುದ್ಧಿಯೂ ಸಲ್ಲದು. ನೈಟ್ರೇಟನ್ನು ಪೂರ್ತಿ ಸೊನ್ನೆಗಿಳಿಸಿದರೆ ಮೃದು ಹವಳ ಸೊರಗುತ್ತದೆ. ಅದಕ್ಕೂ ತುಸು ಗೊಬ್ಬರ ಬೇಕು.

ಕಡಲಿಗೆ ಯಾವ ಫಿಲ್ಟರ್?

ತೀರಗಳನ್ನು ಬರಿದುಮಾಡಿದ ಹವ್ಯಾಸದಿಂದ ಕಡಲಿಗೆ ಏನಾದರೂ ಮರಳಿ ಸಿಕ್ಕಿತೇ? ಸ್ವಲ್ಪ ಸಿಕ್ಕಿದೆ. 2013ರಲ್ಲಿ ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಋತುಮಾನದ ಉಷ್ಣತೆ ಮತ್ತು ಬೆಳದಿಂಗಳನ್ನು ಕೃತಕವಾಗಿ ಒದಗಿಸಿ ತೊಟ್ಟಿಯಲ್ಲಿಯೇ ಗಟ್ಟಿ ಹವಳಗಳು ಮೊಟ್ಟೆಯಿಡುವಂತೆ ಮಾಡಿದರು. ಅಮೆರಿಕದ ಫ್ಲಾರಿಡಾದಲ್ಲಿ 2014ರಿಂದ ಹರಡಿದ ರೋಗವೊಂದು ಹವಳಗಳನ್ನು ಕೊಲ್ಲತೊಡಗಿದಾಗ, ಬದುಕುಳಿದವನ್ನು ಮತ್ಸ್ಯಾಗಾರಗಳಿಗೆ ಸಾಗಿಸಿದರು. 2023ರ ಬೇಸಿಗೆಯಲ್ಲಿ ಅಲ್ಲಿನ ಕಡಲು ವಿಪರೀತ ಕಾದಾಗ, ಕಡಲಲ್ಲಿ ಬೆಳೆಸುತ್ತಿದ್ದ ಹವಳದ ಸಸಿಗಳನ್ನೂ ಎತ್ತಿ ನೆಲದ ಮೇಲಿನ ತೊಟ್ಟಿಗಳಿಗೆ ತಂದರು. ಕಡಲಿಗಿಂತ ಗಾಜಿನ ತೊಟ್ಟಿಯೇ ಸುರಕ್ಷಿತ ಎನ್ನುವ ಕಾಲ ಬಂದಿತ್ತು.

ನೀರು ಕಾದರೆ ಹವಳವು ತನ್ನೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳುಚುತ್ತದೆ. 1998ರಲ್ಲಿ ನಮ್ಮ ಲಕ್ಷದ್ವೀಪದ ಹವಳಗಳಿಗೆ ಆದದ್ದೂ ಇದೇ. ಜಗತ್ತಿನ ಕಡಲುಗಳಲ್ಲಿ ನಾಲ್ಕನೆಯ ಬಾರಿಗೆ ವ್ಯಾಪಕ ಬಿಳುಚುವಿಕೆ ನಡೆಯುತ್ತಿದೆಯೆಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಸಾರಿದರು. ಭಾರತದಲ್ಲಿ ಗಟ್ಟಿ ಹವಳ, ಕಪ್ಪು ಹವಳ, ಕಡಲ ಬೀಸಣಿಗೆ ಮೊದಲಾದವನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ, ಹುಲಿಯ ಸಾಲಿಗೆ ಸೇರಿಸಲಾಯಿತು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಮುಳುಗು ಹಾಕುವವರು ನೋಡಿ ಬರಬಹುದು, ಕಿತ್ತು ತರುವಂತಿಲ್ಲ.

ಕೀಳುವ ಕೈಯನ್ನು ಕಾಯ್ದೆ ತಡೆಯಬಲ್ಲದು, ನೀರಿನ ಬಿಸಿಯನ್ನು ತಡೆಯಲಾರದು. ಗಾಳಿ ಬೆರೆಸುವ ಅಲೆ, ವಿಷ ನುಂಗುವ ಬ್ಯಾಕ್ಟೀರಿಯಾ, ಕೊಳೆ ಎತ್ತುವ ನೊರೆ ಇವೆಲ್ಲ ಕಡಲಿನಲ್ಲಿ ಮೊದಲಿನಿಂದಲೂ ಇವೆ. ನಮ್ಮ ಯಂತ್ರಗಳು ಅವುಗಳ ನಕಲು ಮಾತ್ರ. ತೊಟ್ಟಿಯ ನೀರು ಕೆಟ್ಟರೆ ಹತ್ತರಲ್ಲೊಂದು ಪಾಲು ಚೆಲ್ಲಿ ಹೊಸದನ್ನು ತುಂಬಬಹುದು. ಕಡಲಿಗೆ ಬದಲಿ ನೀರು ಎಲ್ಲಿಂದ ತರುವುದು?